ಕೆರೆ ಏರಿಯ ನಿರ್ವಹಣೆ ಊರಿನವರ ಕೈಗೆ ಬರಬೇಕೇ?

ಪರ

ಕೆರೆಯ ನೀರನ್ನು ತಡೆದು ನಿಲ್ಲಿಸುವ ಮಣ್ಣಿನ ಏರಿ ಒಂದೇ ದಿನದಲ್ಲಿ ಹಾಳಾಗುವುದಿಲ್ಲ. ಇಳಿಜಾರಿನಲ್ಲಿ ಬೇರುಬಿಟ್ಟ ಜಾಲಿ, ಹೆಗ್ಗಣ ತೋಡಿದ ಬಿಲ, ಮಳೆ ಕೊರೆದ ಕೊರಕಲು, ತೂಬಿನ (ಗದ್ದೆಗೆ ನೀರು ಬಿಡುವ ಕಿಂಡಿಯ) ಪಕ್ಕದ ಜಿನುಗು ಇವೆಲ್ಲ ವರ್ಷಗಟ್ಟಲೆ ಬೆಳೆಯುತ್ತವೆ. ಅವನ್ನು ಮೊದಲು ಕಾಣುವವರು ಅಚ್ಚುಕಟ್ಟಿನ, ಅಂದರೆ ಕೆರೆನೀರು ಹರಿಯುವ ಜಮೀನಿನ, ರೈತರೇ ಹೊರತು ತಾಲ್ಲೂಕು ಕೇಂದ್ರದ ಎಂಜಿನಿಯರ್ ಅಲ್ಲ. ಕೋಲಾರದ ಕಡೆ ಕೆರೆನೀರು ಹಂಚುವ ಊರಿನ ಕೆಲಸಗಾರನಾದ ನೀರುಗಂಟಿ ತೂಬು ಎತ್ತಿ ಇಳಿಸುವುದರ ಜೊತೆಗೆ ಏರಿಯ ಮೇಲೂ ಕಣ್ಣಿಟ್ಟಿರುತ್ತಿದ್ದ, ಅವನ ಪಾಲು ಸುಗ್ಗಿಯ ಕಣದಲ್ಲೇ ಸಲ್ಲುತ್ತಿತ್ತು. ವಿಶ್ವಬ್ಯಾಂಕ್ ನೆರವಿನಿಂದ 2002ರಲ್ಲಿ ಆರಂಭವಾದ ಯೋಜನೆಯಲ್ಲಿ ಕರ್ನಾಟಕ ಸರ್ಕಾರದ ಜಲಸಂವರ್ಧನೆ ಯೋಜನಾ ಸಂಘವು ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಲು ಹೊರಟದ್ದೂ ನಿರ್ವಹಣೆ ಊರಿನವರಿಗೇ ಸೇರಬೇಕೆಂಬ ಉದ್ದೇಶದಿಂದಲೇ. ನಾಲ್ಕು ಮಂಕರಿ ಮಣ್ಣಿನಲ್ಲಿ ಮುಚ್ಚಬಹುದಾದ ಕೊರಕಲು ಇಂದು ಟೆಂಡರ್ ಆಗುವಷ್ಟು ದೊಡ್ಡದಾಗುವವರೆಗೆ ಕಾಯುತ್ತದೆ.

ವಿರೋಧ

ಕಾಣುವುದು ಬೇರೆ, ಕಂಡದ್ದನ್ನು ಸರಿಪಡಿಸುವುದು ಬೇರೆ. ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯ ತಿವರೆ ಅಣೆಕಟ್ಟು 2019ರ ಜುಲೈನಲ್ಲಿ ಒಡೆಯುವ ಮೊದಲೇ ಅಲ್ಲಿನವರು ಸೋರಿಕೆಯ ಬಗ್ಗೆ ದೂರಿದ್ದರು. ಏರಿಯ ಬುಡದಲ್ಲಿ ತಿಳಿನೀರು ಜಿನುಗಿದರೆ ಕಾದು ನೋಡಬಹುದು, ಕೆಸರುನೀರು ಬಂತೆಂದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದರ್ಥ, ಅದನ್ನು ಹೊರಗಿನಿಂದ ಮಣ್ಣು ಸುರಿದು ನಿಲ್ಲಿಸಲಾಗದು, ಸೋಸುವ ಮರಳು-ಜಲ್ಲಿಯ ಪದರ ಹಾಕಬೇಕಾಗುತ್ತದೆ. ದೊಡ್ಡ ಮರವನ್ನು ಸುಮ್ಮನೆ ಕಡಿದರೂ ಕೊಳೆತ ಬೇರಿನ ಜಾಗವೇ ನೀರಿನ ದಾರಿಯಾಗುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಹಿತಾಸಕ್ತಿಯದು. ಅಚ್ಚುಕಟ್ಟಿನವರಿಗೆ ಹೆಚ್ಚು ನೀರು ಬೇಕು, ಆದ್ದರಿಂದ ತುಂಬಿದ ಕೆರೆಯ ಹೆಚ್ಚುವರಿ ನೀರು ಹೊರಹೋಗುವ ಕೋಡಿಯ ಮೇಲೆ ಮರಳಿನ ಚೀಲ ಪೇರಿಸುವ ಆಸೆ ಸಹಜ. ಆದರೆ ಹಾಗೆ ಮಾಡಿದಾಗ ನೀರಿನ ಮಟ್ಟಕ್ಕೂ ಏರಿಯ ನೆತ್ತಿಗೂ ನಡುವಿನ ಅಂತರ ಕುಗ್ಗಿ, ಒಂದು ರಾತ್ರಿಯ ಮಳೆಗೆ ನೀರು ಏರಿಯ ಮೇಲೆಯೇ ಹರಿಯಬಹುದು, ಅದನ್ನು ಮಣ್ಣಿನ ಏರಿ ತಾಳುವುದಿಲ್ಲ. ಒಂದರ ನೀರು ಇನ್ನೊಂದಕ್ಕೆ ಹರಿಯುವ ಸರಣಿ ಕೆರೆಗಳಲ್ಲಿ ಮೇಲಿನದು ಒಡೆದರೆ ಕೆಳಗಿನದಕ್ಕೂ ಕೇಡು, ಆ ಕೆಳಗಿನ ಊರಿನವರಿಗೆ ಮೇಲಿನ ಸಂಘದಲ್ಲಿ ಸ್ಥಾನವಿರುವುದಿಲ್ಲ. ಕೊಳವೆಬಾವಿ ಬಂದ ಮೇಲೆ ಸ್ವಂತ ನೀರುಳ್ಳವರಿಗೆ ಏರಿಯ ಚಿಂತೆಯೂ ಕಡಿಮೆಯಾಗಿದೆ.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳಿಗೂ, ಕೆಲವು ಷರತ್ತುಗಳ ಮೇಲೆ 10ರಿಂದ 15 ಮೀಟರಿನವಕ್ಕೂ ಅನ್ವಯಿಸುತ್ತದೆ; ಊರಿನ ಕೆರೆಗಳಲ್ಲಿ ಹೆಚ್ಚಿನವು ಅದರ ಹೊರಗೇ ಉಳಿಯುತ್ತವೆ. ಇಲಾಖೆಯೂ ಕೈಬಿಟ್ಟರೆ ಒಡೆದ ದಿನ ಕೇಳಲು ಯಾರೂ ಇರುವುದಿಲ್ಲ. ಪೊದೆ ಸವರುವುದು, ಬಿಲ ಮುಚ್ಚುವುದು, ಮಳೆಗಾಲದ ಕಾವಲು ಸಂಘಕ್ಕಿರಲಿ, ಅದಕ್ಕೆ ತಕ್ಕ ಕೂಲಿಯೂ ಸಿಗಲಿ. ಕೋಡಿಯ ಮಟ್ಟ, ತೂಬಿನ ದುರಸ್ತಿ ಮತ್ತು ಪರಿಹಾರದ ಹೊಣೆ ಮಾತ್ರ ಸರ್ಕಾರದ ಹೆಸರಿನಲ್ಲೇ ಬರಹದಲ್ಲಿರಬೇಕು.