ಕಂಬ ಅಲ್ಲೂ ಇದೆ, ಇಲ್ಲೂ ಇದೆ

ದಸರಾಗೆ ಮೈಸೂರಿಗೆ ಬಂದಿದ್ದೆ, ಕುವೆಂಪುನಗರದಲ್ಲಿ ಅಕ್ಕನ ಹೊಸ ಅಪಾರ್ಟ್‌ಮೆಂಟ್. ಸಂಜೆ ಪಕ್ಕದ ರಸ್ತೆ ಮಕ್ಕಳು ಬಂದು "ಗೊಂಬೆ ಕೂರ್ಸಿದೀರಾ?" ಅಂತ ಕೇಳಿದ್ದು ಯಾರನ್ನ? ಗೇಟಲ್ಲಿದ್ದ ಸೆಕ್ಯೂರಿಟಿಯವ್ರನ್ನ! ಅವ್ರು ಪಾಪ, ಯಾವ ಫ್ಲ್ಯಾಟು, ಫೋನ್ ಮಾಡ್ಸಿ ಅಂದ್ರು. ಮಕ್ಕಳು ಮುಂದಿನ ಮನೆಗೆ ಹೋದ್ವು. ಅಕ್ಕ ಮೂರನೇ ಮಹಡೀಲಿ ಚರುಪು ಮಾಡಿಟ್ಕೊಂಡು ಕಾಯ್ತಾ ಕೂತಿದ್ಲು.

ನಾನಿರೋದು ಸಿಂಗಾಪುರದಲ್ಲಿ. ಅಲ್ಲಿ ಸರ್ಕಾರದವ್ರು ಕಟ್ಟಿಸಿರೋ ಎಚ್‌ಡಿಬಿ ಫ್ಲ್ಯಾಟುಗಳ ಬಿಲ್ಡಿಂಗೂ ನಮ್ಮ ಸ್ಟಿಲ್ಟ್ ಪಾರ್ಕಿಂಗ್ ತರಾನೇ ಕಂಬದ ಮೇಲೆ ನಿಂತಿರುತ್ತೆ, ಆದ್ರೆ ಕೆಳಗೆ ಕಾರಿಲ್ಲ, ಖಾಲಿ. ವಾಯ್ಡ್ ಡೆಕ್ ಅಂತಾರೆ, 1970ರ ದಶಕದಿಂದ ಹಾಗೇ ಕಟ್ಕೊಂಡು ಬಂದಿದಾರೆ. ಕಾಂಪೌಂಡಿಲ್ಲ ಗೇಟಿಲ್ಲ, ಬಸ್ ಇಳಿದೋರು ಯಾರ್‍ಯಾರದ್ದೋ ಬ್ಲಾಕ್ ಕೆಳಗೇ ನೆರಳಲ್ಲಿ ನಡ್ಕೊಂಡು ಹೋಗ್ತಾರೆ, ವಯಸ್ಸಾದೋರು ಕಲ್ಲಿನ ಮೇಜ್ ಹತ್ರ ಚೆಸ್ ಆಡ್ತಿರ್ತಾರೆ, ಒಂದು ವಾರ ಮಲಯ್‌ನೋರ ಮದುವೆ ಊಟ ಆದ್ರೆ ಇನ್ನೊಂದು ವಾರ ಅದೇ ಜಾಗದಲ್ಲಿ ಚೀನೀಯರೊಬ್ಬರ ಶವ ಇಟ್ಟು ರಾತ್ರಿಯೆಲ್ಲಾ ಕೂತಿರ್ತಾರೆ. ನಮ್ಮ ಅಗ್ರಹಾರದ ಜಗಲಿ ಮಾಡ್ತಿದ್ದ ಕೆಲಸ.

ಊರನ್ನ ಯೋಜನೆ ಹಾಕಿ ಬೆಳೆಸೋಕೆ ಅಂತ 1903ರಲ್ಲೇ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಮಾಡ್ಕೊಂಡಿದ್ದ ಊರು ನಮ್ಮ ಮೈಸೂರು. ಈಗ ರಸ್ತೇಲಿ ನಡೆದ್ರೆ ಕಾಣೋದು ಗೋಡೆ, ಜನರೇಟರ್, ಆಮೇಲೆ ಫುಟ್‌ಪಾತ್ ಮೇಲೇ ಇಳಿಬಿಟ್ಟಿರೋ ರ್‍ಯಾಂಪು. ಹೂವಿನವ್ಳು ಕವರ್‌ನ ಗೇಟಿಗೆ ಸಿಕ್ಸಿ ಹೋಗ್ತಾಳೆ, ಮಾತಿಲ್ಲ ಕತೆಯಿಲ್ಲ. ರಂಗೋಲಿ ಲಿಫ್ಟ್ ಮುಂದೆ!

ಅಕ್ಕಂಗೆ ಇದೆಲ್ಲಾ ಹೇಳಿದ್ರೆ "ನೀನು ಬಂದು ಹೋಗೋನು ಕಣೋ, ರಾತ್ರಿ ಒಬ್ಳೇ ಮಲ್ಗೋಳು ನಾನು" ಅಂದ್ಲು. ಅದೂ ಸರೀನೇ ಅನ್ನಿ. ಸಿಂಗಾಪುರದಲ್ಲಿ ಕಾರ್ ಇಟ್ಕೊಳ್ಳೋಕೆ 10 ವರ್ಷದ ಪರ್ಮಿಟ್ ಬೇಕು, ಆ ದುಡ್ಡಲ್ಲಿ ಇಲ್ಲಿ ಒಳ್ಳೇ ಕಾರೇ ಬರುತ್ತೆ, ಇರೋ ಕಾರಿಗೂ ಬೇರೆ ಪಾರ್ಕಿಂಗ್ ಬಿಲ್ಡಿಂಗ್ ಕಟ್ಟಿರ್ತಾರೆ. ನಮ್ಮಲ್ಲಿ ಸ್ಟಿಲ್ಟ್ ಇಲ್ದಿದ್ರೆ ಅಷ್ಟೂ ಕಾರು ರಸ್ತೇಲೇ ನಿಂತಿರೋದು. ಅಲ್ಲಿನ ದುಡ್ಡಿರೋರ ಕಾಂಡೋಗಳಿಗೂ ಗೇಟು ಗಾರ್ಡು ಎಲ್ಲಾ ಇದೆ, ವಾಯ್ಡ್ ಡೆಕ್ಕಲ್ಲೂ ಮಕ್ಕಳು ಬಾಲ್ ಆಡ್ಬಾರ್ದು ಅಂತ ಬೋರ್ಡ್ ಹಾಕಿರ್ತಾರೆ, ಒಪ್ದೆ.

ಹಾಗಂತ ಕಾಂಪೌಂಡ್ ಆಳೆತ್ತರ ಯಾಕೆ, ರ್‍ಯಾಂಪು ಸೈಟ್ ಒಳಗೇ ಮುಗಿಸೋಕೆ ಏನ್ ಕಷ್ಟ ಅಂದೆ. "ಬಿಲ್ಡರ್‌ನ ಕೇಳ್ಕೊ ಹೋಗು" ಅಂದ್ಲು.