ಕಾಲೇಜ್ ಸೇರ್ಸೋ ಮುಂಚೆ ವರ್ಕ್‌ಶಾಪಿನ ಸ್ಕ್ರ್ಯಾಪ್ ನೋಡ್ರಿ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂತಂದ್ರೆ ನಂಟರದ್ದು ಪರಿಚಯದವ್ರದ್ದು ಎಲ್ಲಾ ಫೋನು ಶುರು. "ಹುಡುಗನ್ನ ಐಟಿಐಗೆ ಹಾಕ್ಲಾ, ಡಿಪ್ಲೊಮಾಕ್ಕೆ ಹಾಕ್ಲಾ, ನೀನು ಅದೇ ಲೈನಲ್ಲಿದೀಯಲ್ಲಪ್ಪ ಹೇಳು" ಅಂತ. ದಾವಣಗೆರೆಯ ಕರೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಸಣ್ಣದೊಂದು ಮಷೀನ್ ಶಾಪ್ ಇಟ್ಕೊಂಡಿದೀನಿ ಅಷ್ಟೇ, ಅದಕ್ಕೇ ನಮ್ಮ ಕಡೆಯವ್ರ ಪಾಲಿಗೆ ನಾನು ದೊಡ್ಡ ಶಿಕ್ಷಣ ತಜ್ಞ. ಇರ್ಲಿ. ನಾನು ಎಲ್ಲರಿಗೂ ಹೇಳೋದು ಒಂದೇ. ಕಾಲೇಜಿಗೆ ಹೋದಾಗ ಪ್ರಿನ್ಸಿಪಾಲ್ ಚೇಂಬರು, ಸ್ಮಾರ್ಟ್ ಬೋರ್ಡು, ಪ್ಲೇಸ್‌ಮೆಂಟ್ ಫ್ಲೆಕ್ಸು ಇವನ್ನೆಲ್ಲ ಆಮೇಲೆ ನೋಡ್ರಿ, ಮೊದ್ಲು ವರ್ಕ್‌ಶಾಪ್ ಎಲ್ಲಿ ಅಂತ ಕೇಳಿ ಒಳಗೆ ಹೋಗಿ ಲೇತ್ (ಲೋಹ ತಿರುಗ್ಸಿ ಕೆತ್ತೋ ಮಷೀನ್) ಕೆಳಗಿನ ಟ್ರೇ ನೋಡ್ರಿ. ಹೊಸ ಚಿಪ್ಸ್, ಅಂದ್ರೆ ಲೋಹದ ಚೂರು, ಬಿದ್ದಿದ್ರೆ, ಎಣ್ಣೆ ಕೂಲೆಂಟ್ ವಾಸನೆ ಹೊಡೀತಿದ್ರೆ, ಮೂಲೇಲಿ ಹುಡುಗ್ರು ಕೆಡಿಸಿ ಬಿಸಾಕಿರೋ ಪೀಸ್‌ಗಳ ರಾಶಿ ಇದ್ರೆ ಕಣ್ಮುಚ್ಚಿ ಸೇರ್ಸಿ. ಟ್ರೇ ತೊಳೆದಿಟ್ಟಂಗೆ ಸ್ವಚ್ಛ ಇದ್ದು ಮಷೀನ್ ಮೇಲೆ ಕವರ್ ಹೊದ್ಸಿದ್ರೆ ಇನ್ನೊಂದು ಕಾಲೇಜು ನೋಡ್ಕಳ್ರಿ.

ಯಾಕೆ ಹಿಂಗಂತೀನಿ ಅಂದ್ರೆ ನಮ್ಮ ಶಾಪಿಗೆ ಬರೋ ಹುಡುಗ್ರನ್ನ ನೋಡಿ ನೋಡಿ. ಒಬ್ಬ ಬಂದಿದ್ದ, ಮೆಕ್ಯಾನಿಕಲ್ ಡಿಪ್ಲೊಮಾ, ಮಾರ್ಕ್ಸ್ ಕಾರ್ಡ್ ನೋಡಿದ್ರೆ ಕಣ್ಣು ತಂಪಾಗ್ಬೇಕು. ಮಷೀನಿಗೆ ಆಜ್ಞೆ ಕೊಡೋ ಜಿ ಕೋಡ್ ಕೇಳ್ದೆ, ಪಟಪಟ ಅಂತ ಹೇಳ್ದ. ಜಿ00 ರ‍್ಯಾಪಿಡ್, ಜಿ01 ಲೀನಿಯರ್, ಜಿ02 ಕ್ಲಾಕ್‌ವೈಸ್, ಜಿ71 ರಫಿಂಗ್ ಸೈಕಲ್, ಎಂ30 ಪ್ರೋಗ್ರಾಮ್ ಎಂಡ್, ಎಲ್ಲಾ ಬಾಯಿಪಾಠ. ಸರಿ ಬಾರಪ್ಪ ಅಂತ ಸಿಎನ್‌ಸಿ, ಅಂದ್ರೆ ಕಂಪ್ಯೂಟರ್ ಓಡ್ಸೋ ಮಷೀನ್, ಮುಂದೆ ನಿಲ್ಸಿ ಟೂಲ್ ಆಫ್‌ಸೆಟ್ ತಗೋ, ಟೂಲ್ ತುದಿ ಎಲ್ಲಿದೆ ಅಂತ ಮಷೀನಿಗೆ ತಿಳ್ಸು ಅಂದೆ. ನಿಂತೇ ಇದಾನೆ. ಟೂಲನ್ನ ಜಾಬಿಗೆ (ಕೆತ್ತೋ ಪೀಸಿಗೆ) ತಾಗ್ಸಿ ಒಂದು ಸಣ್ಣ ಕಟ್ ಹೊಡ್ದು, ಎಕ್ಸ್ (ಅಡ್ಡ ದಿಕ್ಕು) ಅಲ್ಲಾಡಿಸ್ದೆ ಉದ್ದಕ್ಕೆ, ಅಂದ್ರೆ ಜ಼ಡ್‌ನಲ್ಲಿ ಹಿಂದೆ ಬಂದು ಸ್ಪಿಂಡಲ್ ನಿಲ್ಸಿ, ಮೈಕ್ರೋಮೀಟರ್‌ನಲ್ಲಿ ಡಯಾ ನೋಡಿ, ಬಂದಿದ್ದು 38.42 ಆದ್ರೆ ಎಕ್ಸ್38.42 ಅಂತ ಹೊಡ್ದು ಮೆಷರ್ ಒತ್ತೋದು. ಇಷ್ಟೇ ಕೆಲ್ಸ. "ಸಾರ್, ನಮ್ಮಲ್ಲಿ ಸಿಮ್ಯುಲೇಟರ್‌ನಲ್ಲಿ ಮಾಡ್ಸಿದ್ರು, ಮಷೀನ್ ರೂಮಿಗೆ ಬೀಗ ಇರ್ತಿತ್ತು, ಇನ್‌ಸ್ಪೆಕ್ಷನ್ ಬಂದಾಗ ತೆಗೀತಿದ್ರು" ಅಂದ. ಕಾಲೇಜ್ ಹೆಸ್ರು ಬೇಡ ಬಿಡ್ರಿ, ಬೇರೆ ಕಡೆಯಿಂದ ಬಂದ ಹುಡುಗ್ರೂ ಇದನ್ನೇ ಹೇಳ್ತಾರೆ. ಹುಡುಗನ ತಪ್ಪು ಏನೂ ಇಲ್ಲ, ಬುದ್ಧಿವಂತ, ಒಂದೇ ವಾರಕ್ಕೆ ಕಲ್ತ.

ಬೀಗ ಯಾಕೆ ಹಾಕ್ತಾರೆ? ನಾನು ಮೇಷ್ಟ್ರುಗಳ ಹತ್ರಾನೇ ಕೇಳಿದೀನಿ. ಅವ್ರ ಕಥೆನೂ ಕೇಳ್ಬೇಕು ನೀವು. ಮಷೀನ್ ತಗೊಳ್ಳೋಕೆ ಲಕ್ಷಗಟ್ಲೆ ಗ್ರಾಂಟ್ ಬರುತ್ತೆ, ಟೇಪ್ ಕತ್ತರಿಸಿ ಫೋಟೋನೂ ಆಗುತ್ತೆ, ಆದ್ರೆ ಅದಾದ್ಮೇಲೆ ಇನ್ಸರ್ಟಿಗೆ, ಅಂದ್ರೆ ಟೂಲಿನ ತುದೀಲಿ ಕೂರೋ ಕತ್ತರಿಸೋ ಬಿಲ್ಲೆಗೆ, ದುಡ್ಡಿಲ್ಲ, ರಾ ಮೆಟೀರಿಯಲ್ಲಿಗೆ ದುಡ್ಡಿಲ್ಲ, ಕೂಲೆಂಟಿಗೆ ಇಲ್ಲ, ಸರ್ವಿಸ್ ಇಂಜಿನಿಯರ್ ಕರೆಸೋಕೆ ಇಲ್ಲ. ಸಿಎನ್‌ಎಂಜಿ ಅನ್ನೋ ಮಾದರಿ ಇನ್ಸರ್ಟ್ ಒಂದಕ್ಕೆ ಇನ್ನೂರು ಮುನ್ನೂರು ರೂಪಾಯಿ, ನಾಲ್ಕು ಮೂಲೆ ಇರುತ್ತೆ, ಕಲಿಯೋ ಹುಡುಗ ಒಂದು ತಾಸಲ್ಲಿ ನಾಲ್ಕನ್ನೂ ಮುರಿದಾಕ್ತಾನೆ. ಮುರೀಲೇಬೇಕು! ಫೀಡ್ (ಟೂಲ್ ಮುಂದೆ ಹೋಗೋ ವೇಗ) ಜಾಸ್ತಿ ಕೊಟ್ರೆ ಏನಾಗುತ್ತೆ ಅಂತ ಟಕ್ ಅನ್ನೋ ಆ ಸೌಂಡ್ ಕಿವೀಲಿ ಕೂರದಿದ್ರೆ ಅವ್ನು ಆಪರೇಟರ್ ಆಗಲ್ಲ. ಆದ್ರೆ ಇನ್‌ಸ್ಟ್ರಕ್ಟರ್‌ಗೆ ಏನ್ ಭಯ, ಮಷೀನ್ ಕ್ರ್ಯಾಶ್ ಆದ್ರೆ ಎನ್‌ಕ್ವೈರಿ ನನ್ನ ತಲೆಗೆ ಅಂತ. ಮಷೀನ್ ಐದು ವರ್ಷ ಮುಟ್ಟದೇ ಇದ್ರೆ ಯಾರೂ ಕೇಳಲ್ಲ, ಟೂಲ್ ಹಿಡಿಯೋ ಟರೆಟ್ ಒಂದ್ಸಲ ಡಿಕ್ಕಿ ಹೊಡೆದ್ರೆ ಎಲ್ಲರೂ ಕೇಳ್ತಾರೆ. ಅಂದ್ಮೇಲೆ ಯಾರ್ ಬೀಗ ತೆಗೀತಾರೆ ಹೇಳ್ರಿ.

ಸರ್ಕಾರ ಏನೂ ಮಾಡಿಲ್ಲ ಅಂತ ನಾನು ಹೇಳ್ತಿಲ್ಲ. 150 ಸರ್ಕಾರಿ ಐಟಿಐಗಳನ್ನ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೆ ಏರಿಸಿದ್ರು, 4,600 ಕೋಟಿ ದಾಟಿದ ಯೋಜನೆ, 2022ರ ಜೂನ್‌ನಲ್ಲಿ ಪ್ರಧಾನಿ ಬಂದು ಉದ್ಘಾಟನೆ ಮಾಡಿದ್ರು. ರೋಬೋಟು, ಸಿಎನ್‌ಸಿ, ಲೇಸರ್ ಕಟಿಂಗ್ ಎಲ್ಲಾ ಹಳ್ಳಿ ಕಡೆ ಹುಡುಗ್ರ ಕಣ್ಣಿಗೆ ಬಿತ್ತಲ್ಲ, ಖುಷಿ ವಿಷ್ಯನೇ. ಜಿಟಿಟಿಸಿ ಅಂತ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ ಇದೆ, 1972ರಲ್ಲಿ ಡೆನ್ಮಾರ್ಕ್ ಸಹಾಯದಿಂದ ಬೆಂಗಳೂರಲ್ಲಿ ಶುರುವಾಗಿದ್ದು, ಅಲ್ಲಿ ಟೂಲ್ ಅಂಡ್ ಡೈ (ಅಚ್ಚು ಮಾಡೋ ಕೆಲ್ಸ) ಡಿಪ್ಲೊಮಾ ಮಾಡಿದ ಹುಡುಗ ಕೈಗೆ ಸಿಕ್ರೆ ಯಾವ ಶಾಪಿನವ್ರೂ ಬಿಡಲ್ಲ, ಯಾಕಂದ್ರೆ ಮೂರು ವರ್ಷ ಓದಿ ಆಮೇಲೆ ಒಂದು ವರ್ಷ ಫ್ಯಾಕ್ಟರಿಯಲ್ಲೇ ಟ್ರೈನಿಂಗ್ ಇರುತ್ತೆ. ಅಲ್ಲಿ ಟೂಲ್ ರೂಮ್ ಕೆಲ್ಸ ಹೊರಗಿನ ಕಂಪನಿಗಳಿಗೂ ಮಾಡಿಕೊಡ್ತಾರೆ, ಮಷೀನ್ ಓಡ್ತಾನೇ ಇರುತ್ತೆ. ಅದೇ ಗುಟ್ಟು ಅಂತ ನನ್ನ ಅಭಿಪ್ರಾಯ. ಓಡೋ ಮಷೀನ್ ಹತ್ರ ನಿಂತೋನು ಕಲೀತಾನೆ.

ನಮ್ಮ ಭಾಗಕ್ಕೆ ಮಷೀನು, ತಾಂತ್ರಿಕ ಓದು ಏನೂ ಹೊಸದಲ್ಲ ಕಣ್ರಿ. ಕಾಟನ್ ಮಿಲ್ ಕಾಲದಲ್ಲಿ ದಾವಣಗೆರೆನ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರು ಅಂತ ನಮ್ಮಪ್ಪ ಈಗ್ಲೂ ಹೇಳ್ತಿರ್ತಾರೆ. ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜು 1951ರದ್ದು, ಬಿಐಇಟಿ 1979ರದ್ದು. ಇನ್ನು ಪಕ್ಕದ ಹರಿಹರ, 1941ರಲ್ಲಿ ಮೈಸೂರ್ ಕಿರ್ಲೋಸ್ಕರ್ ಶುರುವಾಗಿ ಅಲ್ಲಿಂದ ಹೋದ ಲೇತ್‌ಗಳು ದೇಶದ ಎಷ್ಟೋ ಐಟಿಐ ಪಾಲಿಟೆಕ್ನಿಕ್‌ಗಳಲ್ಲಿ ಇವತ್ತಿಗೂ ತಿರುಗ್ತಿವೆ. ಫ್ಯಾಕ್ಟರಿ ಮುಚ್ಚಿ ಎಷ್ಟೋ ವರ್ಷ ಆಯ್ತು, ಲೇತ್ ಮಾತ್ರ ಸಾಯ್ತಿಲ್ಲ. ನಮ್ಮ ಶಾಪಲ್ಲೂ ಒಂದಿದೆ.

ಆ ಕಿರ್ಲೋಸ್ಕರ್‌ನಲ್ಲೇ ಕೆಲ್ಸ ಮಾಡಿ ಬಂದ ಹಿರಿಯ ಟರ್ನರ್ (ಲೇತ್ ಕೆಲ್ಸದವ್ರು) ಒಬ್ರು ನಮ್ಮಲ್ಲಿದಾರೆ, ಹುಡುಗ್ರೆಲ್ಲಾ ಕಾಕಾ ಅಂತಾರೆ. ಓದಿದ್ದು ಕಮ್ಮಿ. ಒಂದ್ಸಲ ಏಪ್ರಿಲ್ ತಿಂಗಳು, ಛಾವಣಿ ಶೀಟಿನ ಕೆಳಗೆ ಬೆಂಕಿಯಂಥ ಸೆಕೆ, ಬಿಇ ಮುಗಿಸಿದ ಹುಡುಗ ಒಬ್ಬ 50 ಎಂಎಂ ಶಾಫ್ಟ್ ಹೊಡ್ದು ಆಗಷ್ಟೇ ಚಕ್‌ನಿಂದ ತೆಗೆದು ಮೈಕ್ರೋಮೀಟರ್ ಹಾಕ್ದ, ಸೈಜ್ ಪಕ್ಕಾ ಬಂತು, ಓಕೆ ಅಂತ ಸೈಡಿಗಿಟ್ಟ. ಕಾಕಾ ಬಂದು ಅಂಗೈ ಹಿಂದ್ಲಿಂದ ಶಾಫ್ಟ್ ಮುಟ್ಟಿ ನೋಡಿ "ತಮ್ಮಾ, ಚಾ ಕುಡ್ಕಂಡ್ ಬಂದು ಇನ್ನೊಂದ್ ಸಲ ಹಾಕು" ಅಂದ್ರು. ಚಾ ಮಂಡಕ್ಕಿ ಎಲ್ಲಾ ಮುಗ್ಸಿ ಬಂದು ಹಾಕಿದ್ರೆ ಹತ್ತು ಹನ್ನೆರಡು ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದ್ರೆ ಒಂದು ಎಂಎಂ) ಕಮ್ಮಿ, ಪೀಸ್ ರಿಜೆಕ್ಟ್. ಹುಡುಗ ಮಷೀನ್ ಬೈಯ್ದ, ಮೈಕ್ರೋಮೀಟರ್ ಬೈಯ್ದ. ನಾನು ಪೇಪರ್ ಕೊಟ್ಟು ಲೆಕ್ಕ ಹಾಕು ಅಂದೆ. ಉಕ್ಕು ಒಂದು ಮೀಟರಿಗೆ ಒಂದು ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತೆ, 50 ಎಂಎಂ ಡಯಾ 20 ಡಿಗ್ರಿ ಜಾಸ್ತಿ ಬಿಸಿ ಆಗಿದ್ರೆ ಎಷ್ಟು? ಹೊಡ್ದ, ಹನ್ನೊಂದೂವರೆ ಬಂತು. ಮುಖ ನೋಡ್ಬೇಕಿತ್ತು! ಈ ಫಾರ್ಮುಲಾ ಅವ್ನಿಗೆ ಪಿಯುಸಿಯಿಂದ ಗೊತ್ತು, ಎಕ್ಸಾಮಲ್ಲಿ ರೈಲು ಹಳಿ ಮಧ್ಯೆ ಗ್ಯಾಪ್ ಯಾಕೆ ಬಿಡ್ತಾರೆ ಅಂತ ಬರ್ದು ಮಾರ್ಕ್ಸ್ ತಗೊಂಡಿದಾನೆ, ಕೈಯಲ್ಲಿ ಬಿಸಿ ಶಾಫ್ಟ್ ಹಿಡ್ಕೊಂಡಾಗ ನೆನಪಾಗ್ಲಿಲ್ಲ. ಅಳತೆಗೆ 20 ಡಿಗ್ರಿ ಸ್ಟ್ಯಾಂಡರ್ಡ್ ಅಂತ ಮೆಟ್ರಾಲಜಿ ಬುಕ್ಕಿನ ಮೊದ್ಲ ಪಾಠದಲ್ಲೇ ಇದೆ, ಆದ್ರೆ ನಮ್ಮ ದಾವಣಗೆರೆ ಏಪ್ರಿಲ್‌ನಲ್ಲಿ 20 ಡಿಗ್ರಿ ಎಲ್ಲಿಂದ ತರ್ತೀರಿ, ಅದಕ್ಕೆ ಜಾಬೂ ಮೈಕ್ರೋಮೀಟರೂ ಎರಡೂ ಒಂದೇ ಕಡೆ ಇಟ್ಟು ಒಂದೇ ತಾಪಕ್ಕೆ ಬರೋವರೆಗೆ ಕಾಯ್ಬೇಕು, ಎರಡೂ ಉಕ್ಕೇ ಆದ್ರಿಂದ ಹಿಗ್ಗೋದು ಸರಿದೂಗಿ ಹೋಗುತ್ತೆ. ಕಾಕಾಗೆ ಫಾರ್ಮುಲಾ ಗೊತ್ತಿಲ್ಲ, ಹುಡುಗಂಗೆ ಮುಟ್ಟಿ ನೋಡ್ಬೇಕು ಅಂತ ಗೊತ್ತಿಲ್ಲ. ಇಬ್ರನ್ನೂ ಒಂದೇ ಕಡೆ ನಿಲ್ಸೋದು ಕಾಲೇಜಿನ ಕೆಲ್ಸ ಆಗ್ಬೇಕಿತ್ತು, ಈಗ ನನ್ನ ಶಾಪಿನ ಕೆಲ್ಸ ಆಗಿದೆ.

ಕೆಲವ್ರು ಹೇಳ್ತಾರೆ, ಈಗೆಲ್ಲಾ ಆಟೊಮೇಷನ್ನು, ರೋಬೋಟು, ಫೈಲ್ (ಅರ) ಹಿಡ್ದು ಉಜ್ಜೋದು ಯಾಕೆ ಕಲಿಸ್ಬೇಕು, ಐಟಿಐ ಫಿಟ್ಟರ್‌ಗೆ ಫೈಲಿಂಗ್ ಹ್ಯಾಕ್ಸಾ ಅಂತ ಟೈಮ್ ವೇಸ್ಟ್ ಮಾಡ್ತಾರೆ ಅಂತ. ನಾನು ಒಪ್ಪಲ್ಲ. ಎಂಎಸ್ (ಮೆತ್ತನೆ ಉಕ್ಕಿನ) ಪ್ಲೇಟನ್ನ ಕೈಯಲ್ಲಿ ಉಜ್ಜಿ ಉಜ್ಜಿ ಟ್ರೈಸ್ಕ್ವೇರ್ (ಮೂಲೆಮಟ್ಟ) ಹಿಡ್ದು ಬೆಳಕಿಗೆ ನೋಡಿ ಸಂದಿ ಕಾಣ್ತಾ ಇಲ್ವಾ ಅಂತ ನೋಡಿದ ಹುಡುಗಂಗೆ ಫ್ಲಾಟ್ ಅಂದ್ರೇನು, ಸ್ಕ್ವೇರ್ ಅಂದ್ರೇನು ಅಂತ ಮೈಗೇ ಗೊತ್ತಿರುತ್ತೆ. ಅಂಥೋನಿಗೆ ಡ್ರಾಯಿಂಗಲ್ಲಿ 25 ಎಚ್7 ಅಂತ ಇದ್ರೆ ಹೋಲ್ ಸೈಜ್ 25.000ರಿಂದ 25.021 ಎಂಎಂ ಒಳಗೆ ಇರ್ಬೇಕು ಅಂತ ಹೇಳಿಕೊಟ್ರೆ ಆ 21 ಮೈಕ್ರಾನ್ ಎಷ್ಟು ಸಣ್ಣದು ಅಂತ ಅಂದಾಜಿರುತ್ತೆ. ಸ್ಕ್ರೀನ್ ಮೇಲೆ ಮಾತ್ರ ಕಲ್ತೋನಿಗೆ ಅದು ಬರೀ ನಂಬರ್ರು.

ಈಗ ಫೋನ್ ಮಾಡೋರಿಗೆ ನನ್ನ ಉತ್ತರ. ಹುಡುಗ ಓದೋದ್ರಲ್ಲಿ ಸಾಧಾರಣ, ಕೈ ಕೆಲ್ಸದಲ್ಲಿ ಆಸಕ್ತಿ ಇದೆ ಅಂದ್ರೆ ಎರಡು ವರ್ಷದ ಐಟಿಐ ಮಾಡ್ಸಿ, ಫಿಟ್ಟರ್, ಟರ್ನರ್, ಮಷಿನಿಸ್ಟ್ ಯಾವ್ದಾದ್ರೂ. ಆಮೇಲೆ ಬೇಕಂದ್ರೆ ಡಿಪ್ಲೊಮಾ ಎರಡನೇ ವರ್ಷಕ್ಕೆ ಲ್ಯಾಟರಲ್ ಎಂಟ್ರಿ ಇದೆ, ಅಲ್ಲಿಂದ ಡಿಪ್ಲೊಮಾದವ್ರ ಪ್ರವೇಶ ಪರೀಕ್ಷೆ ಡಿಸಿಇಟಿ ಬರ್ದು ಇಂಜಿನಿಯರಿಂಗ್ ಎರಡನೇ ವರ್ಷಕ್ಕೂ ಹೋಗ್ಬಹುದು. ದಾರಿ ಉದ್ದ ಆಗುತ್ತೆ, ಆದ್ರೆ ಹಂಗೆ ಹತ್ತಿ ಬಂದ ಹುಡುಗ್ರು ನಮ್ಮ ಲೈನಲ್ಲಿ ಎಲ್ಲರಿಗಿಂತ ಗಟ್ಟಿ. ಹೆಣ್ಮಕ್ಕಳನ್ನೂ ಕಳ್ಸಿ, ಸಿಎನ್‌ಸಿ ಮುಂದೆ ತೋಳ್ಬಲ ಬೇಕಾಗಿಲ್ಲ, ಕಣ್ಣು ತಲೆ ಬೇಕು.

ಕಾಲೇಜಿನವ್ರನ್ನೇ ಬೈದು ಮುಗಿಸೋದೂ ತಪ್ಪು. ನಮ್ಮ ಓನರ್‌ಗಳದ್ದೂ ಇದೆ. "ಎಕ್ಸ್‌ಪೀರಿಯನ್ಸ್ ಇರೋ ಸಿಎನ್‌ಸಿ ಆಪರೇಟರ್ ಬೇಕು" ಅಂತ ವಾಟ್ಸಾಪ್ ಗ್ರೂಪಲ್ಲಿ ಹಾಕ್ತೀವಿ, ಎಕ್ಸ್‌ಪೀರಿಯನ್ಸ್ ಕೊಡೋರು ಯಾರು ಅಂತ ಕೇಳಿದ್ರೆ ಎಲ್ಲರೂ ಬೆಂಗಳೂರಿನ ಪೀಣ್ಯ ಕಡೆ ಕೈ ತೋರಿಸ್ತಾರೆ. ಅಲ್ಲಿ ಕಲ್ತೋನು ಇಲ್ಲಿಗೆ ಯಾಕೆ ವಾಪಸ್ ಬರ್ತಾನೆ, ನಾವು ಕೊಡೋ ಸಂಬಳಕ್ಕೆ? ಶಾಪಲ್ಲೇ ಕೆಲ್ಸ ಕಲಿಯೋ ಹುಡುಗ್ರಿಗಂತ ಅಪ್ರೆಂಟಿಸ್ ಕಾಯ್ದೆ 1961ರಿಂದ ಇದೆ. 30 ಜನ ಇಲ್ಲಾ ಅದಕ್ಕಿಂತ ಜಾಸ್ತಿ ಇರೋ ಕಡೆ ಅಪ್ರೆಂಟಿಸ್ ತಗೊಳ್ಳೋದು ಕಡ್ಡಾಯ, ನಾಲ್ಕು ಜನ ಇರೋ ನಮ್ಮಂಥ ಸಣ್ಣ ಶಾಪಿನವ್ರೂ ಇಷ್ಟ ಇದ್ರೆ ತಗೋಬಹುದು, ಎನ್‌ಎಪಿಎಸ್ ಅನ್ನೋ ಕೇಂದ್ರದ ಅಪ್ರೆಂಟಿಸ್ ಪ್ರೋತ್ಸಾಹ ಸ್ಕೀಮಲ್ಲಿ ಸ್ಟೈಪೆಂಡಿನ ಕಾಲು ಭಾಗ, ತಿಂಗಳಿಗೆ 1,500 ರೂಪಾಯಿ ಮಿತಿಯೊಳಗೆ ಸರ್ಕಾರನೇ ಕೊಡುತ್ತೆ. ಆದ್ರೆ ಒಂದು ಷರತ್ತು, ಹುಡುಗನ್ನ ತಗೊಂಡು ಕಸ ಗುಡ್ಸೋಕೆ, ಲೋಡಿಂಗ್ ಅನ್‌ಲೋಡಿಂಗಿಗೆ ಹಾಕೋ ಹಂಗಿದ್ರೆ ದಯವಿಟ್ಟು ತಗೋಬೇಡ್ರಿ, ಅದು ಅಪ್ರೆಂಟಿಸ್ ಅಲ್ಲ, ಕಮ್ಮಿ ಕೂಲಿ ಆಳು.

ಕರೂರು, ಹರಿಹರ ಕಡೆ ಶಾಪಿನವ್ರು ಯಾರಾದ್ರೂ ಅಪ್ರೆಂಟಿಸ್ ಪೋರ್ಟಲ್ ರಿಜಿಸ್ಟ್ರೇಷನ್ನಲ್ಲಿ ಸಿಕ್ಕಾಕ್ಕೊಂಡು ಕೂತಿದ್ರೆ ಕಾಮೆಂಟ್ ಹಾಕ್ರಿ, ನಾನು ಮಾಡ್ಸಿದೀನಿ, ಏನೇನ್ ಕಾಗದ ಬೇಕು ಹೇಳ್ತೀನಿ. ಭಾನುವಾರ ಮಾತ್ರ ಫೋನ್ ಮಾಡ್ಬೇಡ್ರಿ, ಅವತ್ತು ಮಷೀನ್ ಮೆಂಟೇನೆನ್ಸ್.