ಜೂನ್‌ನಲ್ಲೂ ಹಿಮ, ಹೊರಡುವ ಮುಂಚೆಯೇ ಸುದ್ದಿ

ಅಮೆರಿಕದ ಸಿಯಾಟಲ್ ಕಡೆ ಇರುವ ನಮ್ಮವರಿಗೆ ಜೂನ್ ಬಂತೆಂದರೆ ಮೌಂಟ್ ರೇನಿಯರ್ ಪರ್ವತದ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವ ಆಸೆ. ಊರಲ್ಲಿ ಒಳ್ಳೆ ಬಿಸಿಲು. ಆದರೆ ಆ ಉದ್ಯಾನದಲ್ಲಿ 5,400 ಅಡಿ ಎತ್ತರದಲ್ಲಿರುವ ಪ್ಯಾರಡೈಸ್ ಎಂಬ ಜಾಗದಲ್ಲಿ ಕಾಲುದಾರಿಗಳು ಸಾಮಾನ್ಯವಾಗಿ ಜುಲೈ ಮಧ್ಯದ ತನಕ ಹಿಮದಡಿಯಲ್ಲೇ ಇರುತ್ತವೆ. 1971-72ರಲ್ಲಿ ಇಲ್ಲಿ 1,122 ಇಂಚು ಹಿಮ ಬಿದ್ದಿತ್ತು. ಅಂದರೆ 93 ಅಡಿಗಿಂತ ಜಾಸ್ತಿ!

ಇಲ್ಲಿ ನನಗೆ ತುಂಬಾ ಹಿಡಿಸಿದ್ದು ದಾರಿಯ ಸುದ್ದಿ ಹೇಳುವ ರೀತಿ. ಹಿಮ ಎಲ್ಲಿಂದ ಶುರು, ಯಾವ ಕಾಲುಸೇತುವೆ ಕೊಚ್ಚಿಹೋಗಿದೆ, ಎಲ್ಲವನ್ನೂ ಪಾರ್ಕಿನವರು ತಾರೀಖು ಹಾಕಿ ತಿಳಿಸುತ್ತಾರೆ. ಇದು ಜೀವದ ಪ್ರಶ್ನೆ. ಬೇಸಿಗೆಯ ಆರಂಭದಲ್ಲಿ ಹಿಮದ ಕೆಳಗೆ ತೊರೆ ಹರಿಯುತ್ತಿರುತ್ತದೆ. ಮೇಲಿಂದ ನೋಡಿದರೆ ಗಟ್ಟಿ ನೆಲ, ಒಳಗೆ ಟೊಳ್ಳು. ನಿಂತು ಕಿವಿಗೊಟ್ಟರೆ ನೀರಿನ ಸದ್ದು ಕೇಳುತ್ತದೆ. ಅಲ್ಲಿ ಕಾಲಿಟ್ಟರೆ ಕುಸಿಯಬಹುದು.

ಹಿಮ ಕರಗುವ ಅಂಚಿನಲ್ಲೇ ಅವಲಾಂಚ್ ಲಿಲ್ಲಿಯ ಬಿಳಿ ಹೂವು ಏಳುತ್ತದೆ. ಅದಕ್ಕೇ ಇಲ್ಲಿನ ನಿಯಮ: ದಾರಿಯ ಮೇಲೆ ನಡೆಯಿರಿ, ಇಲ್ಲವೇ ದಪ್ಪ ಹಿಮದ ಮೇಲೆ. ಗಿಡದ ಮೇಲೆ ಮಾತ್ರ ಬೇಡ. ಅವಕ್ಕೆ ಬೆಳೆಯಲು ಸಿಗುವುದೇ ಕೆಲವು ವಾರ.

ಬಿಲದಿಂದ ಎದ್ದ ಮಾರ್ಮಟ್‌ಗಳು ಬಂಡೆ ಮೇಲೆ ಕೂತು ಸಿಳ್ಳೆ ಹಾಕುತ್ತವೆ. ಅಳಿಲಿನ ಬಳಗದ್ದೇ, ಆದರೆ ಬೆಕ್ಕಿಗಿಂತ ದಪ್ಪ. ಬೇಸರ ತರುವುದು ನರಿಗಳ ಪಾಡು. ಇಲ್ಲಿನ ಕ್ಯಾಸ್ಕೇಡ್ ಕೆಂಪು ನರಿ ಅಪರೂಪದ್ದು. ಪಾರ್ಕಿಂಗ್‌ನಲ್ಲಿ ಜನ ಚಿಪ್ಸ್ ಹಾಕಿ ಹಾಕಿ, ಅವು ಕಾರಿಗೆ ಹೆದರದೆ ಚಕ್ರದಡಿ ಸಿಗುತ್ತವೆ. ಘಾಟಿಯಲ್ಲಿ ಮಂಗಗಳಿಗೆ ಬಿಸ್ಕತ್ತು ಎಸೆಯುವ ನಾವೂ ಹಾಗೇ ಅಲ್ವಾ? ಇದರಲ್ಲಿ ಯಾರೂ ಮೇಲಲ್ಲ.

ಆದರೆ ದಾರಿಯ ವಿಷಯದಲ್ಲಿ ನಾವು ಕಲಿಯಬೇಕು. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜಾತ್ರೆಯಂತೆ ಜನ ಸೇರಿದ್ದರು. ಆಮೇಲೆ ಆನ್‌ಲೈನ್ ಬುಕಿಂಗ್, ದಿನಕ್ಕಿಷ್ಟೇ ಜನ ಎಂಬ ಮಿತಿ ಬಂತು. ಬೇಕಾದದ್ದೇ. ಆದರೆ ಹೊರಡುವವರಿಗೆ ಬರೀ ಟಿಕೆಟ್ ಸಾಲದು. ಕುದುರೆಮುಖದ ಹಳ್ಳದಲ್ಲಿ ಇವತ್ತು ನೀರು ಎಷ್ಟಿದೆ? ಯಾವ ಬಂಡೆ ಜಾರುತ್ತಿದೆ? ಇಂಬಳ ಎಷ್ಟಿವೆ? ಅಲ್ಲಿ ಚಾರಣ ಶುರುವಾಗುವ ಮುಳ್ಳೋಡಿಯ ಗೈಡ್ ಹುಡುಗರಿಗೆ ಇದೆಲ್ಲ ಗೊತ್ತಿರುತ್ತದೆ. ಅವರು ಹೇಳಿದ್ದನ್ನು ದಿನಾ ತಾರೀಖು ಹಾಕಿ, ಬುಕಿಂಗ್ ಪುಟದಲ್ಲೂ ಗೇಟಿನ ಬೋರ್ಡಿನಲ್ಲೂ ಕನ್ನಡದಲ್ಲೇ ಹಾಕಲಿ. ಆ ಕೆಲಸಕ್ಕೆ ಆ ಹುಡುಗರಿಗೆ ದುಡ್ಡನ್ನೂ ಕೊಡಲಿ.